ಬಚ್ಚಲ ಬಾಗಿಲು ಕಾಯಬೇಡಿ, ಬೆಳಗಿನ ತಿಂಡಿ ತಪ್ಪದಂತೆ ನೋಡಿ

ಸೋಮವಾರಪೇಟೆ ಕಡೆಯ ಓದುಗರೊಬ್ಬರ ಪತ್ರದ ಮುಖ್ಯ ಭಾಗ ಇದು. ಗುರುತು ಸಿಗುವಂಥ ವಿವರಗಳನ್ನು ತೆಗೆದಿದ್ದೇವೆ.

"ಅಕ್ಕ, ನನ್ನ ನಾದಿನಿಗೆ 20 ವರ್ಷ. ಮಡಿಕೇರಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ, ಶನಿವಾರ ಮನೆಗೆ ಬರುತ್ತಾಳೆ. ಹೈಸ್ಕೂಲಿನಲ್ಲಿ ಹಾಕಿ ಆಡುತ್ತಿದ್ದಳು. ಮಂಡಿ ಪೆಟ್ಟಾಗಿ ಬಿಟ್ಟ ಮೇಲೆ ಮೈ ಬಂತು ಅಂತ ಡಯಟ್ ಶುರು ಮಾಡಿದಳು. ಬೆಳಿಗ್ಗೆ ಬರೀ ಕಪ್ಪು ಕಾಫಿ, ಮಧ್ಯಾಹ್ನ ಸೌತೆಕಾಯಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ಸದ್ದು. ಬೆಳಿಗ್ಗೆ ನೋಡಿದರೆ ಅನ್ನದ ಪಾತ್ರೆ, ಚಕ್ಕುಲಿ ಡಬ್ಬ ಎಲ್ಲ ಖಾಲಿ. ಸೌದೆ ರಾಶಿಯ ಹಿಂದೆ ಬಿಸ್ಕತ್ತಿನ ಕವರ್‌ಗಳು ಸಿಕ್ಕವು. ಊಟ ಆದ ಕೂಡಲೇ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಳ್ಳುತ್ತಾಳೆ. ಬೆರಳ ಗಿಣ್ಣಿನ ಮೇಲೆ ಕಲೆ ಇದೆ, ಕೇಳಿದರೆ ಕಾಫಿ ಗಿಡ ತರಚಿದ್ದು ಅಂತಾಳೆ. ಒಂದು ದಿನ ಬಿಡದೆ ಕೇಳಿದೆ. ಅತ್ತುಬಿಟ್ಟಳು. ಯಾರಿಗೂ ಹೇಳಬೇಡಿ ಅತ್ತಿಗೆ ಅಂದಳು. ಅತ್ತೆ ಗ್ಯಾಸ್ಟ್ರಿಕ್ ಇರಬೇಕು ಅಂತಾರೆ. ಅವಳೇನೂ ಸೊರಗಿಲ್ಲ, ನೋಡೋಕೆ ಚೆನ್ನಾಗೇ ಇದ್ದಾಳೆ. ಇದು ಕಾಯಿಲೆಯಾ, ಚಟವಾ? ಉಗ್ರಾಣಕ್ಕೆ ಬೀಗ ಹಾಕಲಾ? ಹುತ್ತರಿ ಕಳೆದ ಮೇಲೆ ಗಂಡಿನವರು ನೋಡೋಕೆ ಬರ್ತಾರಂತೆ. ಕೊಟ್ಟ ಮಾತು ಮುರಿದು ಮನೆಯಲ್ಲಿ ಹೇಳಿಬಿಡಲಾ?"

ತಂಗಿ,

ನೀವು ಅಕ್ಕ ಅಂದಿದ್ದೀರಿ, ಅದಕ್ಕೇ ಈ ಸಲುಗೆ. ಮೊದಲ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಇದು ಚಟ ಅಲ್ಲ, ಕಾಯಿಲೆ. ನೀವು ಬರೆದಿರುವುದೆಲ್ಲ ಬುಲಿಮಿಯಾ ನರ್ವೋಸಾ ಎಂಬ ಕಾಯಿಲೆಯ ಲಕ್ಷಣಗಳಿಗೆ ಹೊಂದುತ್ತದೆ. ಹೌದೋ ಅಲ್ಲವೋ ಅಂತ ತೀರ್ಮಾನ ಹೇಳಬೇಕಾದವರು ಡಾಕ್ಟರ್. ವಾಂತಿಗೆ ಬೇರೆ ಕಾರಣಗಳೂ ಇರುತ್ತವೆ, ಅವನ್ನೂ ಅವರು ನೋಡುತ್ತಾರೆ. ಆದರೆ ಗ್ಯಾಸ್ಟ್ರಿಕ್ ಆದವರು ಬಿಸ್ಕತ್ತಿನ ಕವರನ್ನು ಸೌದೆ ಹಿಂದೆ ಬಚ್ಚಿಡುವುದಿಲ್ಲ, ಅಲ್ವಾ?

ಈ ಕಾಯಿಲೆ ನಡೆಯುವ ರೀತಿ ಹೀಗೆ. ಸ್ವಲ್ಪ ಹೊತ್ತಿನಲ್ಲೇ, ಬೇರೆಯವರು ತಿನ್ನುವುದಕ್ಕಿಂತ ಎಷ್ಟೋ ಜಾಸ್ತಿ ತಿಂದುಬಿಡುತ್ತಾರೆ. ತಿನ್ನುವಾಗ ಕೈ ತಡೆಯಲು ಆಗುವುದಿಲ್ಲ. ರುಚಿಗೂ ಅಲ್ಲ, ಬಿಸಿ ಮಾಡುವಷ್ಟು ತಾಳ್ಮೆಯೂ ಇರುವುದಿಲ್ಲ. ತಣ್ಣನೆಯ ಅನ್ನ ಖಾಲಿಯಾಗಿತ್ತು ಅಂತ ಬರೆದಿದ್ದೀರಲ್ಲ, ಅದೇ. ಆಮೇಲೆ ಹೆದರಿಕೆ, ನಾಚಿಕೆ. ತಿಂದದ್ದನ್ನು ಹೇಗಾದರೂ ಕಳೆಯಬೇಕು ಅನ್ನಿಸುತ್ತದೆ. ಕೆಲವರು ವಾಂತಿ ಮಾಡಿಕೊಳ್ಳುತ್ತಾರೆ, ಕೆಲವರು ಭೇದಿ ಮಾತ್ರೆ ನುಂಗುತ್ತಾರೆ, ಕೆಲವರು ಮರುದಿನ ಪೂರ್ತಿ ಉಪವಾಸ ಇರುತ್ತಾರೆ, ಇನ್ನು ಕೆಲವರು ಮೈ ಬೀಳುವವರೆಗೆ ಓಡುತ್ತಾರೆ. ವಾರಕ್ಕೆ ಒಮ್ಮೆಯಾದರೂ ಹೀಗೆ, ಮೂರು ತಿಂಗಳು ನಡೆದರೆ ಬುಲಿಮಿಯಾ ಅನ್ನುತ್ತಾರೆ. 2013ರಿಂದ ಮನೋವೈದ್ಯರು ಹಿಡಿದಿರುವ ಅಳತೆ ಇದು. ಮೂರು ತಿಂಗಳು ತುಂಬಲಿ ಅಂತ ನೀವು ಕಾಯಬೇಕಾಗಿಲ್ಲ.

"ಸೊರಗಿಲ್ಲ, ಚೆನ್ನಾಗೇ ಇದ್ದಾಳೆ" ಅಂದಿದ್ದೀರಿ. ಎಷ್ಟೋ ಮನೆಗಳಲ್ಲಿ ಎಡವುವುದು ಇಲ್ಲೇ. ತಿನ್ನುವ ಕಾಯಿಲೆ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರುವುದು ಎಲುಬು ಕಾಣುವ ಹುಡುಗಿ. ಅದು ಅನೋರೆಕ್ಸಿಯಾ, ಬೇರೆ ಕಾಯಿಲೆ. ಬುಲಿಮಿಯಾ ಇರುವವರು ಸಾಮಾನ್ಯವಾಗಿ ಎಲ್ಲರ ಹಾಗೇ ಇರುತ್ತಾರೆ, ಸ್ವಲ್ಪ ದಪ್ಪಗೂ ಇರಬಹುದು. ಇಂಗ್ಲೆಂಡಿನ ಡಯಾನಾ ತನಗೆ ವರ್ಷಗಟ್ಟಲೆ ಈ ಕಾಯಿಲೆ ಇತ್ತು ಎಂದು 1995ರಲ್ಲಿ ಬಿಬಿಸಿ ಸಂದರ್ಶನದಲ್ಲಿ ಹೇಳಿಕೊಂಡರು. ದಿನವೂ ಕ್ಯಾಮೆರಾ ಮುಂದೆ ಇದ್ದವರು ಅವರು. ಫೋಟೋ ನೋಡಿ ಯಾರಿಗಾದರೂ ಹೇಳಲು ಆಗುತ್ತಿತ್ತಾ? ಇನ್ನೊಂದು ಮಾತು. ಇದು ಹುಡುಗರಿಗೂ ಬರುತ್ತದೆ. ಅವರಲ್ಲಿ ಗೊತ್ತಾಗುವುದು ಇನ್ನೂ ಕಷ್ಟ, ಯಾಕೆಂದರೆ ಹುಡುಗ ಜಾಸ್ತಿ ತಿಂದರೆ ನಾವು ಬೆನ್ನು ತಟ್ಟುತ್ತೇವೆ.

ಈಗ ಆ ಬೆರಳ ಗಿಣ್ಣಿನ ವಿಷಯ. ನೀವು ಅದನ್ನು ಗಮನಿಸಿದ್ದು ದೊಡ್ಡದು. ಕಾಫಿ ಗಿಡ ತರಚಿದರೆ ಗೀರು ಎಲ್ಲಿ ಬೀಳುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಮುಂಗೈ ಮೇಲೆ, ಮೊಣಕೈ ಹತ್ತಿರ, ಉದ್ದುದ್ದಕ್ಕೆ, ಎರಡೂ ಕೈಗೆ. ನಾಲ್ಕು ದಿನದಲ್ಲಿ ಮಾಯುತ್ತದೆ. ಇದು ಹಾಗಲ್ಲ. ಒಂದೇ ಕೈಯ ಗಿಣ್ಣುಗಳ ಮೇಲೆ ಚರ್ಮ ದಪ್ಪಗಾಗಿ ಕಪ್ಪಾಗುತ್ತದೆ. ವಾಂತಿ ಮಾಡಿಕೊಳ್ಳುವಾಗ ಮೇಲಿನ ಹಲ್ಲು ಮತ್ತೆ ಮತ್ತೆ ತಗುಲಿ ಆಗುವ ಕಲೆ ಅದು. ಈ ಕಾಯಿಲೆಯನ್ನು ಮೊದಲು ಹೆಸರಿಟ್ಟು ವಿವರಿಸಿದ್ದು ಲಂಡನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್, 1979ರಲ್ಲಿ, ತಾವೇ ನೋಡಿದ 30 ರೋಗಿಗಳ ಬಗ್ಗೆ ಬರೆಯುತ್ತಾ. ಗಿಣ್ಣಿನ ಕಲೆಯನ್ನು ಇವತ್ತಿಗೂ ಡಾಕ್ಟರುಗಳು ರಸೆಲ್ ಗುರುತು ಅಂತಲೇ ಕರೆಯುತ್ತಾರೆ. ಆದರೆ ಕಲೆ ಇಲ್ಲ ಅಂದ ಮಾತ್ರಕ್ಕೆ ಕಾಯಿಲೆ ಇಲ್ಲ ಅನ್ನಲಾಗದು. ತುಂಬಾ ಜನರಿಗೆ ಕಲೆಯೇ ಇರುವುದಿಲ್ಲ.

ಇನ್ನೂ ಕೆಲವು ಗುರುತುಗಳಿವೆ. ಕಿವಿಯ ಕೆಳಗೆ, ದವಡೆಯ ಎರಡೂ ಕಡೆ ಊದಿಕೊಂಡಿರುತ್ತದೆ. ಮಂಗಬಾವು ಅಂದುಕೊಳ್ಳುವವರೂ ಇದ್ದಾರೆ, ಆದರೆ ಜ್ವರ ಇರುವುದಿಲ್ಲ, ನೋವೂ ಅಷ್ಟಿರುವುದಿಲ್ಲ. ಜೊಲ್ಲಿನ ಗ್ರಂಥಿ ಊದುವುದು ಅದು. ಮುಖ ದುಂಡಗಾಯಿತು ಅಂತ ಆ ಹುಡುಗಿ ಇನ್ನೂ ಊಟ ಬಿಡುತ್ತಾಳೆ, ನೋಡಿ ಎಂಥ ಅವಸ್ಥೆ. ಗಂಟಲು ಸದಾ ಕೆರೆತ, ದನಿ ಒಡೆದ ಹಾಗೆ. ಮುಟ್ಟು ಏರುಪೇರು. ಹಲ್ಲು ಜುಮ್ಮೆನ್ನುವುದು. ಹೊಟ್ಟೆಯ ಆಸಿಡ್ ಮೇಲೆ ಬಂದು ಬಂದು ಮೇಲಿನ ಮುಂದಿನ ಹಲ್ಲುಗಳ ಒಳಮೈ ಸವೆಯುತ್ತದೆ. ಕನ್ನಡಿಯಲ್ಲಿ ಕಾಣುವುದಿಲ್ಲ, ಹಲ್ಲಿನ ಡಾಕ್ಟರಿಗೆ ಕಾಣುತ್ತದೆ. ಎಷ್ಟೋ ಸಲ ಮೊದಲು ಹಿಡಿಯುವವರೇ ಅವರು. ವಾಂತಿ ಆದ ಕೂಡಲೇ ಬ್ರಷ್ ಮಾಡಿದರೆ ಮೆತ್ತಗಾದ ಹಲ್ಲಿನ ಮೇಲ್ಪದರ ಇನ್ನೂ ಉಜ್ಜಿ ಹೋಗುತ್ತದೆ. ನೀರಿನಲ್ಲಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆಯಾದರೂ ಬಿಟ್ಟು ಬ್ರಷ್ ಮಾಡಲಿ. ಇದನ್ನು ಅವಳಿಗೆ ಹೇಳಿ. ಬೈಗುಳ ಇಲ್ಲದ ಮಾತು ಇದು, ಮಾತುಕತೆ ಶುರು ಮಾಡಲೂ ಆಗುತ್ತದೆ.

ಬೀಗದ ವಿಷಯಕ್ಕೆ ಬರುತ್ತೇನೆ. ನನಗೆ ಜಾಸ್ತಿ ಹೇಳಬೇಕಿರುವುದು ಇಲ್ಲೇ.

ಬೀಗ ಹಾಕಬೇಡಿ. ಬಚ್ಚಲಿನ ಹೊರಗೆ ನಿಂತು ಕಾಯಲೂಬೇಡಿ. ರಾತ್ರಿ ಅಡುಗೆಮನೆಯಲ್ಲಿ ನಡೆಯುವುದನ್ನು ನೀವು ಕಾಯಿಲೆ ಅಂದುಕೊಂಡಿದ್ದೀರಿ. ಅದರ ಬೇರು ಇರುವುದು ಬೆಳಗಿನ ಕಪ್ಪು ಕಾಫಿಯಲ್ಲಿ, ಮಧ್ಯಾಹ್ನದ ಸೌತೆಕಾಯಿಯಲ್ಲಿ. ಇಡೀ ದಿನ ಹಸಿದ ದೇಹ ರಾತ್ರಿ ಕೈ ಮೀರುತ್ತದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಜನ ಗಟ್ಟಿಮುಟ್ಟು ಯುವಕರ ಮೇಲೆ ಒಂದು ಪ್ರಯೋಗ ಮಾಡಿದರು. ಎಲ್ಲರೂ ತಾವಾಗಿ ಒಪ್ಪಿ ಬಂದವರು. ಆರು ತಿಂಗಳ ಹತ್ತಿರ ಅವರಿಗೆ ಅರೆಹೊಟ್ಟೆ ಊಟ. ತಿಂಗಳು ಕಳೆದಂತೆ ಅವರಿಗೆ ಊಟ ಬಿಟ್ಟು ಬೇರೆ ಯೋಚನೆಯೇ ಇಲ್ಲ ಅನ್ನುವಂತಾಯಿತು. ಅಡುಗೆ ಪುಸ್ತಕ ಕೂಡಿಟ್ಟುಕೊಂಡು ಓದುತ್ತಿದ್ದರು. ತಟ್ಟೆ ನೆಕ್ಕುತ್ತಿದ್ದರು. ಸಿಟ್ಟು, ಬೇಜಾರು, ಒಬ್ಬರೇ ಇರಬೇಕು ಅನ್ನುವುದು. ಮತ್ತೆ ಊಟ ಕೊಡಲು ಶುರು ಮಾಡಿದ ಮೇಲೆ ಕೆಲವರು ಹೊಟ್ಟೆ ಬಿರಿಯುವಷ್ಟು ತಿಂದರೂ ಸಾಕು ಅನ್ನಿಸದೆ ಒದ್ದಾಡಿದರು. ಇವರಲ್ಲಿ ಯಾರಿಗೂ ಮೊದಲು ಇಂಥ ತೊಂದರೆ ಇರಲಿಲ್ಲ. ಸಣ್ಣಗಾಗಬೇಕು ಎಂಬ ಆಸೆಯೂ ಇರಲಿಲ್ಲ. ಹಸಿವೊಂದೇ ಇಷ್ಟು ಮಾಡಿತು. ಹಾಗಿರುವಾಗ ನಿಮ್ಮ ನಾದಿನಿಗೆ "ಬಾಯಿ ಕಟ್ಟು" ಅಂದರೆ ಏನು ಪ್ರಯೋಜನ? ಅವಳು ಬಾಯಿ ಕಟ್ಟಿದ್ದಕ್ಕೇ ಹೀಗಾಗಿರುವುದು.

ಸುತ್ತು ಹೀಗೆ ತಿರುಗುತ್ತದೆ: ಹಗಲು ಹಸಿವು, ರಾತ್ರಿ ಮಿತಿ ಮೀರಿ ತಿನ್ನುವುದು, ವಾಂತಿ, ನಾಚಿಕೆ, "ನಾಳೆಯಿಂದ ಏನೂ ತಿನ್ನಲ್ಲ" ಅನ್ನುವ ಶಪಥ, ಮತ್ತೆ ಹಸಿವು. ನೀವು ಉಗ್ರಾಣಕ್ಕೆ ಬೀಗ ಹಾಕಿದರೆ ನಾಚಿಕೆ ಇನ್ನೂ ಜಾಸ್ತಿ ಆಗುತ್ತದೆ, ಅವಳು ಮಡಿಕೇರಿಯ ಬೇಕರಿಗೆ ಹೋಗುತ್ತಾಳೆ, ಅಷ್ಟೇ. ವಾಂತಿ ಮಾಡಿದರೂ ತಿಂದದ್ದರಲ್ಲಿ ಒಂದಷ್ಟು ದೇಹಕ್ಕೆ ಸೇರಿಯೇ ಇರುತ್ತದೆ. ಭೇದಿ ಮಾತ್ರೆಯಂತೂ ಬರೀ ನೀರು ಕಳೆಯುತ್ತದೆ, ಯಾಕೆಂದರೆ ಅದು ಕೆಲಸ ಮಾಡುವುದು ದೊಡ್ಡ ಕರುಳಿನಲ್ಲಿ, ಊಟದ ಸತ್ವ ಅದಕ್ಕೂ ಮೊದಲೇ ಸಣ್ಣ ಕರುಳಿನಲ್ಲಿ ಸೇರಿಹೋಗಿರುತ್ತದೆ. ತೂಕದ ಯಂತ್ರದ ಮುಳ್ಳು ಒಂದು ದಿನ ಇಳಿದು ಮತ್ತೆ ಅಲ್ಲೇ ಬಂದು ನಿಲ್ಲುತ್ತದೆ. ನಮ್ಮ ಪತ್ರಿಕೆಗೂ "ತಿಂಗಳಲ್ಲಿ ಸಣ್ಣಗಾಗಿ" ಎನ್ನುವ ಜಾಹೀರಾತು ಕೇಳಿಕೊಂಡು ಬರುತ್ತದೆ. ಒಳ್ಳೆ ದುಡ್ಡು ಕೊಡುತ್ತಾರೆ. ಹಾಕುವುದಿಲ್ಲ.

ಅವಳು ಭೇದಿ ಮಾತ್ರೆ ತೆಗೆದುಕೊಳ್ಳುತ್ತಾಳಾ ಅಂತ ಮೆಲ್ಲಗೆ ಕೇಳಿ ನೋಡಿ. ತೆಗೆದುಕೊಳ್ಳುತ್ತಿದ್ದರೆ ಅದನ್ನು ಹೇಗೆ ಬಿಡಬೇಕು ಅಂತ ಡಾಕ್ಟರನ್ನು ಕೇಳಿಯೇ ಬಿಡಬೇಕು. ಬಿಟ್ಟ ಮೇಲೆ ಕೆಲವು ದಿನ ಕೈಕಾಲು ಊದಬಹುದು. ಅದು ನೀರು, ಹೋಗುತ್ತದೆ. ಮೊದಲೇ ಹೇಳದಿದ್ದರೆ ದಪ್ಪ ಆದೆ ಅಂತ ಹೆದರಿ ಮತ್ತೆ ಮಾತ್ರೆಗೆ ಕೈ ಹಾಕುತ್ತಾರೆ.

ಈಗ ಸ್ವಲ್ಪ ಹೆದರಿಸಲೇಬೇಕು. ಮತ್ತೆ ಮತ್ತೆ ವಾಂತಿ, ಭೇದಿ ಆದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ. ಹೃದಯದ ಬಡಿತ ಸರಿಯಾಗಿರಲು ಪೊಟ್ಯಾಸಿಯಂ ಬೇಕು. ಇಳಿದರೆ ಸುಸ್ತು, ಕಾಲು ಸೆಟೆಯುವುದು, ಎದೆ ಢವಢವ. ತುಂಬಾ ಇಳಿದರೆ ಜೀವಕ್ಕೇ ಅಪಾಯ, ಅದೂ ಹೊರಗಿಂದ ಚೆನ್ನಾಗಿ ಕಾಣುವವರಲ್ಲೇ. ತಲೆಸುತ್ತಿ ಬಿದ್ದರೆ, ಎದೆಬಡಿತ ತಪ್ಪಿದ ಹಾಗಾದರೆ, ವಾಂತಿಯಲ್ಲಿ ರಕ್ತ ಕಂಡರೆ, ಎದೆನೋವು ಬಂದರೆ, ನೀರೂ ನಿಲ್ಲದಿದ್ದರೆ, ಅಥವಾ "ಬದುಕಿ ಏನು ಪ್ರಯೋಜನ" ಅನ್ನುವ ಮಾತು ಬಾಯಿಗೆ ಬಂದರೆ, ಆವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಯಾರ ಅನುಮತಿಗೂ ಕಾಯಬೇಡಿ. ಕೊಟ್ಟ ಮಾತು ಆ ಹೊತ್ತಿಗೆ ಲೆಕ್ಕಕ್ಕಿಲ್ಲ.

ಅಷ್ಟು ತುರ್ತು ಇಲ್ಲದಿದ್ದರೆ ಎಲ್ಲಿಗೆ ಹೋಗುವುದು? ಕೊಡಗಿನಲ್ಲಿ ಕಷ್ಟ ಏನೆಂದರೆ ಎಲ್ಲರಿಗೂ ಎಲ್ಲರೂ ಗೊತ್ತು. ಮನೋವೈದ್ಯರ ಬಾಗಿಲಲ್ಲಿ ಕೂತರೆ ಪಕ್ಕದ ಬೆಂಚಿನಲ್ಲಿ ನಿಮ್ಮ ಊರಿನವರೇ ಇರುತ್ತಾರೆ, ಸಂಜೆಯೊಳಗೆ ಮನೆಗೆ ಸುದ್ದಿ ಮುಟ್ಟುತ್ತದೆ. ಈ ಹೆದರಿಕೆ ಸುಳ್ಳು ಅಂತ ನಾನು ಹೇಳುವುದಿಲ್ಲ. ಹಾಗಾಗಿ ಮೊದಲು ನಿಮ್ಮ ಮಾಮೂಲಿ ಡಾಕ್ಟರ್ ಹತ್ತಿರ ಹೋಗಿ. ಸುಸ್ತು, ಹಲ್ಲು ಜುಮ್ಮೆನ್ನುವುದು ಅಂತ ಹೋದರೂ ಸರಿ. ಆದರೆ ಒಳಗೆ ಹೋದ ಮೇಲೆ ವಾಂತಿಯ ವಿಷಯ ಬಾಯಿಬಿಟ್ಟು ಹೇಳಬೇಕು. ಪೊಟ್ಯಾಸಿಯಂ, ಸೋಡಿಯಂ, ಕಿಡ್ನಿಗೆ ಸಂಬಂಧಿಸಿದ ರಕ್ತಪರೀಕ್ಷೆ ಮತ್ತು ಒಂದು ಇಸಿಜಿ ಮಾಡಿಸಿ. ಹೇಳದಿದ್ದರೆ ಅವರೂ ಗ್ಯಾಸ್ಟ್ರಿಕ್ ಮಾತ್ರೆ ಬರೆದು ಕಳಿಸುತ್ತಾರೆ, ಅವರ ತಪ್ಪಲ್ಲ.

ಅಲ್ಲಿಂದ ಮುಂದೆ ಮನೋವೈದ್ಯರು ಬೇಕೇ ಬೇಕು. ಮಡಿಕೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಅವಳು ಓದುವ ಊರೇ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆ ರಾಜ್ಯದಲ್ಲಿದೆ. ನಿಮ್ಮ ಕಡೆಗೆ ಯಾವ ಮಂಗಳವಾರ ಅಂತ ಫೋನ್ ಮಾಡಿ ಕೇಳಿಕೊಂಡು ಹೋಗಿ. ಊರಿನವರ ಕಣ್ಣು ಬೇಡ ಅಂದರೆ ಮೈಸೂರು, ಮಂಗಳೂರು ಇದ್ದೇ ಇವೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಮನೆ ಬಿಟ್ಟು ಹೊರಡಲೇ ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ, 2022ರ ಅಕ್ಟೋಬರಿನಲ್ಲಿ ಶುರುವಾಯಿತು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಅವಳೇ ಮಾಡಬಹುದು, ಅವಳ ಬಗ್ಗೆ ಕೇಳಲು ನೀವೂ ಮಾಡಬಹುದು. ನಮ್ಮ ಬೆಟ್ಟದ ಮೂಲೆಗಳಲ್ಲಿ ನೆಟ್‌ವರ್ಕ್ ಸಿಗುವ ಜಾಗ ಹುಡುಕಿಕೊಳ್ಳುವುದೊಂದೇ ಪಾಡು. ಇನ್ನು, ರೋಗಿಯ ವಿಷಯ ಗುಟ್ಟಾಗಿಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಅವಳಿಗೆ 18 ದಾಟಿದೆ. ಅವಳು ಒಪ್ಪದೆ ಡಾಕ್ಟರ್ ಸುಮ್ನೆ ಯಾರಿಗೂ ಹೇಳುವಂತಿಲ್ಲ. ಇದನ್ನು ಅವಳಿಗೆ ಹೇಳಿ, ಅರ್ಧ ಹೆದರಿಕೆ ಇಳಿಯುತ್ತದೆ.

ಚಿಕಿತ್ಸೆ ಅಂದರೆ ಶಾಕ್, ನಿದ್ದೆ ಮಾತ್ರೆ ಅಂತ ಅತ್ತೆ ಅಂದುಕೊಂಡಾರು. ಹಾಗೇನೂ ಇಲ್ಲ. ಇದಕ್ಕೆ ಮುಖ್ಯ ಚಿಕಿತ್ಸೆ ಮಾತಿನದ್ದು, ಸಿಬಿಟಿ ಅನ್ನುತ್ತಾರೆ. ಬುಲಿಮಿಯಾಕ್ಕೆ ತಕ್ಕ ಹಾಗೆ ಅದನ್ನು ರೂಪಿಸಿದವರು ಆಕ್ಸ್‌ಫರ್ಡಿನ ಕ್ರಿಸ್ಟೋಫರ್ ಫೇರ್‌ಬರ್ನ್. ಸಾಮಾನ್ಯವಾಗಿ 20 ಭೇಟಿ, ಐದು ತಿಂಗಳ ಹತ್ತಿರ. ಮೊದಲ ವಾರದಿಂದಲೇ ಒಂದು ನೋಟ್‌ಬುಕ್ ಕೊಡುತ್ತಾರೆ. ಏನು ತಿಂದೆ, ಎಷ್ಟು ಹೊತ್ತಿಗೆ, ಎಲ್ಲಿ ಕೂತು, ಆಗ ಮನಸ್ಸಿನಲ್ಲಿ ಏನಿತ್ತು, ವಾಂತಿ ಆಯಿತಾ, ಎಲ್ಲ ಆಗಿಂದಾಗಲೇ ಬರೆಯಬೇಕು. ಬರೆದದ್ದು ನೋಡಿದರೆ ಅವಳಿಗೇ ಗೊತ್ತಾಗುತ್ತದೆ, ತಿಂಡಿ ಬಿಟ್ಟ ದಿನವೇ ರಾತ್ರಿ ಕೈ ಮೀರಿದ್ದು ಅಂತ. ಜೊತೆಗೇ ಊಟದ ಹೊತ್ತು ಗಟ್ಟಿ ಮಾಡುತ್ತಾರೆ. ಮೂರು ಊಟ, ನಡುವೆ ಎರಡೋ ಮೂರೋ ಸಲ ಏನಾದರೂ ಸ್ವಲ್ಪ. ನಾಲ್ಕು ಗಂಟೆಗಿಂತ ಜಾಸ್ತಿ ಹೊಟ್ಟೆ ಖಾಲಿ ಬಿಡುವಂತಿಲ್ಲ. ನಿನ್ನೆ ರಾತ್ರಿ ಎಷ್ಟೇ ತಿಂದಿರಲಿ, ಏನೇ ಆಗಿರಲಿ, ಇವತ್ತಿನ ತಿಂಡಿ ತಪ್ಪಿಸುವಂತಿಲ್ಲ. ಎಲ್ಲಕ್ಕಿಂತ ಕಷ್ಟದ್ದೂ ಇದೇ, ಎಲ್ಲಕ್ಕಿಂತ ಕೆಲಸ ಮಾಡುವುದೂ ಇದೇ. ಆಮೇಲೆ ನಿಧಾನಕ್ಕೆ, "ಇದು ತಿಂದರೆ ಮುಗೀತು" ಅಂತ ಅವಳು ಹೆದರುವ ತಿನಿಸುಗಳನ್ನು ಒಂದೊಂದಾಗಿ ತಟ್ಟೆಗೆ ತರುತ್ತಾರೆ. ಕನ್ನಡಿ, ತೂಕ, ಇನ್ನೊಬ್ಬರ ಜೊತೆ ಹೋಲಿಸಿಕೊಳ್ಳುವುದು, ಇವುಗಳ ಬಗ್ಗೆ ಮಾತು ನಡೆಯುತ್ತದೆ.

ಬೇಕಾದರೆ ಮಾತ್ರೆಯೂ ಇದೆ. ಫ್ಲೂಆಕ್ಸೆಟಿನ್ ಅಂತ. ಬುಲಿಮಿಯಾಕ್ಕೆ ಕೊಡುವ ಪ್ರಮಾಣ ಖಿನ್ನತೆಗೆ ಕೊಡುವುದಕ್ಕಿಂತ ಜಾಸ್ತಿ, ದಿನಕ್ಕೆ 60 ಮಿಲಿಗ್ರಾಂವರೆಗೆ. ಕೆಲಸ ಶುರುವಾಗಲು ಕೆಲವು ವಾರ ಬೇಕು. ಚಟ ಹಿಡಿಯುವ ಮಾತ್ರೆ ಅಲ್ಲ. ಆದರೆ ಈ ವಯಸ್ಸಿನವರಿಗೆ ಶುರುವಿನ ದಿನಗಳಲ್ಲಿ ಮನಸ್ಸು ಇನ್ನೂ ಕುಗ್ಗುತ್ತದಾ ಅಂತ ಕಣ್ಣಿಡಬೇಕಾಗುತ್ತದೆ, ಹಾಗಾಗಿ ಡಾಕ್ಟರ್ ಬರೆಯದೆ ಮೆಡಿಕಲ್ ಶಾಪಿನಿಂದ ತರುವ ಮಾತೇ ಬೇಡ. ಗುಣ ಆಗುತ್ತದಾ ಅಂದರೆ, ಆಗುತ್ತದೆ. ವರ್ಷಗಳ ಮೇಲೆ ನೋಡಿದಾಗ ಅರ್ಧದಷ್ಟು ಜನ ಪೂರ್ತಿ ಗುಣವಾಗಿರುತ್ತಾರೆ, ಉಳಿದವರಲ್ಲಿ ಹೆಚ್ಚಿನವರಿಗೆ ಎಷ್ಟೋ ಕಡಿಮೆಯಾಗಿರುತ್ತದೆ. ನಡುವೆ ಜಾರುವುದುಂಟು. ಪರೀಕ್ಷೆ ಬಂತು, ಜಗಳ ಆಯಿತು, ಒಂದು ವಾರ ಮತ್ತೆ ಶುರು. ಅಷ್ಟಕ್ಕೆ ಎಲ್ಲ ಹಾಳಾಯಿತು ಅಂದುಕೊಳ್ಳಬೇಡಿ.

ಮನೆಯಲ್ಲಿ ನೀವು ಮಾಡಬಹುದಾದ್ದು ಇದೆ. ಶನಿವಾರ, ಭಾನುವಾರ ಬೆಳಿಗ್ಗೆ ಅವಳ ಜೊತೆ ನೀವೂ ಕೂತು ತಿಂಡಿ ತಿನ್ನಿ. ಕಡುಬೋ ಅಕ್ಕಿ ರೊಟ್ಟಿಯೋ, ಮನೆಯವರಿಗೆ ಏನು ಮಾಡಿದ್ದೀರೋ ಅದೇ. ಅವಳಿಗೆ ಅಂತ ಬೇರೆ ಮಾಡಬೇಡಿ. ಎಷ್ಟು ಹಾಕಿಕೊಂಡಳು ಅಂತ ತಟ್ಟೆ ನೋಡಬೇಡಿ. ಊಟ ಆದ ಮೇಲೆ ಅರ್ಧ ಮುಕ್ಕಾಲು ಗಂಟೆ ಕಷ್ಟದ ಹೊತ್ತು. ಆಗ ಏನಾದರೂ ಜೊತೆ ಕೆಲಸ ಇಟ್ಟುಕೊಳ್ಳಿ. ಕಣದಲ್ಲಿ ಕಾಫಿ ತಿರುವಿ ಹಾಕುವುದು, ಟಿವಿ, ಏನೋ ಒಂದು. ಕಾವಲು ಅನ್ನಿಸಬಾರದು, ಬೇಡ ಅಂದರೆ ಬಿಡಿ. "ದಪ್ಪ ಆಗಿದ್ದೀಯಲ್ಲ", "ಸಣ್ಣ ಆಗಿದ್ದೀಯಲ್ಲ" ಎರಡೂ ಮಾತು ಆ ಮನೆಯಲ್ಲಿ ನಿಲ್ಲಬೇಕು. ಎರಡನೆಯದು ಹೊಗಳಿಕೆ ಅಂತ ಹೇಳುತ್ತೇವೆ, ಅವಳಿಗೆ ಕೇಳಿಸುವುದು "ಮಾಡುತ್ತಿರುವುದು ಸರಿ ಇದೆ" ಅಂತ. ನಮ್ಮ ಮದುವೆ ಮನೆಗಳಲ್ಲಿ ನಮಸ್ಕಾರಕ್ಕಿಂತ ಮೊದಲು ಬರುವುದೇ ಈ ಮಾತು. ಯಾವ ಪುಣ್ಯಾತ್ಮರು ಕಲಿಸಿದರೋ. ಆಟ ಬಿಟ್ಟ ಹುಡುಗಿಯರಿಗೆ ಇದು ಇನ್ನೂ ಜಾಸ್ತಿ ತಗಲುತ್ತದೆ. ಮೊನ್ನೆವರೆಗೂ ಓಡುವ ಮೈ ಇದ್ದವಳು ಅವಳು.

ಹುತ್ತರಿ ಬಗ್ಗೆ ಯೋಚನೆ ಮಾಡಿ. ರಾತ್ರಿ ಕದಿರು ತಂದ ಮೇಲೆ ಊಟ ಅಂತ ಹಗಲೆಲ್ಲ ಹೊಟ್ಟೆ ಖಾಲಿ ಬಿಟ್ಟುಕೊಂಡರೆ ಅವಳಿಗೆ ಆ ರಾತ್ರಿ ತುಂಬಾ ಕಷ್ಟ ಆಗುತ್ತದೆ. ಮಧ್ಯಾಹ್ನ ಊಟ, ಸಂಜೆ ಏನಾದರೂ ಕಾಫಿ ಜೊತೆ ಆಗಿರಲಿ. ನೆಂಟರು ಒತ್ತಾಯ ಮಾಡಿ ಬಡಿಸುವಾಗ ನೀವು ಪಕ್ಕದಲ್ಲಿರಿ.

ಕೊಟ್ಟ ಮಾತಿನ ಪ್ರಶ್ನೆ. ಅವಳ ಬೆನ್ನ ಹಿಂದೆ ಹೇಳಬೇಡಿ. ನೀವೊಬ್ಬರೇ ಅವಳು ನಂಬಿದವರು. ಊಟದ ಹೊತ್ತಲ್ಲ, ಬೇರೆ ಹೊತ್ತಿನಲ್ಲಿ, ಇಬ್ಬರೇ ಇದ್ದಾಗ ಹೇಳಿ: "ಇದನ್ನು ನಾವಿಬ್ಬರೇ ಇಟ್ಟುಕೊಂಡು ಕೂತರೆ ಗುಣ ಆಗಲ್ಲ. ಡಾಕ್ಟರ್ ಹತ್ತಿರ ನಾನು ಜೊತೆ ಬರ್ತೀನಿ. ಮನೆಯಲ್ಲಿ ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು, ನೀನೇ ಹೇಳು." ಮೊದಲ ಸಲ ಸಿಟ್ಟು ಮಾಡಬಹುದು, ಏನೂ ಇಲ್ಲ ಅನ್ನಬಹುದು. ವಾರ ಬಿಟ್ಟು ಮತ್ತೆ ಕೇಳಿ. ಬಹುಶಃ ಅವಳು ಅಣ್ಣನಿಗೆ, ಅಂದರೆ ನಿಮ್ಮ ಯಜಮಾನರಿಗೆ, ಹೇಳಲು ಮೊದಲು ಒಪ್ಪುತ್ತಾಳೆ. ಆಸ್ಪತ್ರೆಗೆ ಗಾಡಿ ಓಡಿಸಲು ಒಬ್ಬರು ಬೇಕಲ್ಲ.

ಗಂಡು ನೋಡುವ ಶಾಸ್ತ್ರ ಮುಂದಕ್ಕೆ ಹಾಕಿಸಿ. ಪರೀಕ್ಷೆ ಮುಗಿಯಲಿ ಅನ್ನಿ, ಸುಳ್ಳೇನಲ್ಲ, ಅವಳು ಓದುತ್ತಿದ್ದಾಳೆ. ಮದುವೆಯಾದರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಹತ್ತು ಜನರ ಮುಂದೆ ಸೀರೆ ಉಟ್ಟು ನಿಂತು ಮೈ ಅಳತೆ ಹಾಕಿಸಿಕೊಳ್ಳುವುದು ಈಗ ಅವಳಿಗೆ ಆಗಬಾರದ್ದು.

ರಕ್ತಪರೀಕ್ಷೆ ಮತ್ತು ಇಸಿಜಿ ಹುತ್ತರಿಗೆ ಮೊದಲೇ ಆಗಲಿ. ಆಮೇಲೆ ಬರೆಯಿರಿ. ಪ್ರಕಟಿಸಲು ಅಲ್ಲ, ನನಗೆ.

— ಸಂಪಾದಕಿ